ಪೊರೆ ಆಪರೇಷನ್‌ಗೆ ಮುನ್ನ ಮೂತ್ರದ ಮಾತ್ರೆಯ ಹೆಸರು ಹೇಳಿ

ಕಣ್ಣಿನ ಪೊರೆ ತೆಗೆಸಲು ಹೋದಾಗ ಬಿಪಿ, ಶುಗರ್ ಮಾತ್ರೆಗಳ ಬಗ್ಗೆ ಹಿರಿಯರು ತಾವಾಗಿಯೇ ಹೇಳುತ್ತಾರೆ. ಪ್ರಾಸ್ಟೇಟ್ ಮಾತ್ರೆಯ ವಿಷಯ ಮಾತ್ರ ಬಾಯಿಂದ ಹೊರಡುವುದಿಲ್ಲ. ರಾತ್ರಿ ನಾಲ್ಕು ಸಲ ಒಂದಕ್ಕೆ ಏಳುವುದು ತಪ್ಪಲೆಂದು ನುಂಗುವ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂಬ ಭಾವನೆ ಒಂದು ಕಡೆ, ಸೊಸೆಯ ಎದುರು ಹೇಳುವ ಸಂಕೋಚ ಇನ್ನೊಂದು ಕಡೆ. ಸಂಬಂಧ ಇದೆ, ಅದೂ ಆಪರೇಷನ್ ಟೇಬಲ್ ಮೇಲೆ ಗೊತ್ತಾಗುವಂಥದ್ದು.

ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕುತ್ತಿಗೆಯ ಸ್ನಾಯುಗಳನ್ನು ಬಿಗಿಹಿಡಿಸುವುದು ಆಲ್ಫಾ-1ಎ ಎಂಬ ಗ್ರಾಹಕ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲೆ ಸಂಕೇತ ಹಿಡಿಯುವ ಅಣು). ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಅದನ್ನು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ, ಮೂತ್ರ ಸಲೀಸಾಗಿ ಹೋಗುತ್ತದೆ. ಕಣ್ಣಿನ ಪಾಪೆಯನ್ನು ಅಗಲ ಮಾಡುವ ಸ್ನಾಯುವಿನಲ್ಲಿ ಇರುವುದೂ ಇದೇ ಗ್ರಾಹಕ. ಹಾಗಾಗಿ ಪಾಪೆಯ ಸುತ್ತಲಿನ ಬಣ್ಣದ ಪರದೆಯೂ ಬಿಗಿ ಕಳೆದುಕೊಳ್ಳುತ್ತದೆ. ದಿನನಿತ್ಯದ ನೋಟಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಪೊರೆ ತೆಗೆಯುವಾಗ ಕಣ್ಣೊಳಗೆ ನೀರು ಹರಿಸಿದರೆ ಪರದೆ ಗಾಳಿಗೆ ಸಿಕ್ಕ ಬಟ್ಟೆಯಂತೆ ಅಲೆಯುತ್ತದೆ, ಎರಡು ಚಿಲ್ಲರೆ ಮಿಲಿಮೀಟರಿನ ಕೊಯ್ತದಿಂದ ಹೊರಕ್ಕೆ ನುಸುಳುತ್ತದೆ, ಅಗಲವಾಗಿದ್ದ ಪಾಪೆ ಕೆಲಸದ ನಡುವೆಯೇ ಕುಗ್ಗುತ್ತದೆ. 2005ರಲ್ಲಿ ಅಮೆರಿಕದ ನೇತ್ರತಜ್ಞರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ಈ ಮೂರೂ ಲಕ್ಷಣಗಳನ್ನು ಟ್ಯಾಮ್ಸುಲೋಸಿನ್‌ಗೆ ಜೋಡಿಸಿ ‘ಫ್ಲಾಪಿ ಐರಿಸ್’ (ಸಡಿಲವಾದ ಬಣ್ಣದ ಪರದೆ) ಎಂದು ವಿವರಿಸಿದರು. ಮುನ್ಸೂಚನೆ ಇಲ್ಲದ ಸರ್ಜನ್‌ಗೆ ಇದು ಎದುರಾದರೆ ಮಸೂರದ ಹಿಂಬದಿಯ ತೆಳು ಚೀಲ ಹರಿಯಬಹುದು, ಬಣ್ಣದ ಪರದೆಗೆ ಗಾಯವಾಗಬಹುದು. ಮೊದಲೇ ಗೊತ್ತಿದ್ದರೆ ಸಂಭಾಳಿಸುವ ದಾರಿಗಳಿವೆ.

ಮೊದಲ ಕೆಲಸ: ಸ್ಟ್ರಿಪ್ ಓದಿ

ಕಂಪನಿ ಇಟ್ಟ ಹೆಸರು ಸಾಲದು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಬೇಕು. ಟ್ಯಾಮ್ಸುಲೋಸಿನ್ (0.4 ಮಿ.ಗ್ರಾಂ), ಸಿಲೋಡೋಸಿನ್ (4 ಅಥವಾ 8 ಮಿ.ಗ್ರಾಂ), ಆಲ್ಫುಜೋಸಿನ್ (10 ಮಿ.ಗ್ರಾಂ) ಇದ್ದರೆ ಹೇಳಲೇಬೇಕು. ಟೆರಜೋಸಿನ್, ಡಾಕ್ಸಜೋಸಿನ್, ಪ್ರಜೋಸಿನ್ ಕೂಡ ಇದೇ ಬಳಗ. ಕೊನೆಯ ಎರಡನ್ನು ಬಿಪಿಗೂ ಕೊಡುತ್ತಾರೆ, ಹಾಗಾಗಿ ‘ನನಗೆ ಪ್ರಾಸ್ಟೇಟ್ ತೊಂದರೆಯೇ ಇಲ್ಲ’ ಎನ್ನುವವರೂ ಒಮ್ಮೆ ನೋಡಿಕೊಳ್ಳಲಿ. ಹೆಂಗಸರೂ ಇದರಿಂದ ಹೊರತಲ್ಲ: ಮೂತ್ರನಾಳದ ಕಲ್ಲು ಇಳಿಯಲೆಂದು ಟ್ಯಾಮ್ಸುಲೋಸಿನ್ ಬರೆದುಕೊಡುವುದುಂಟು.

ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಬೇರೆ ಜಾತಿಯವು, ಗ್ರಂಥಿಯನ್ನೇ ನಿಧಾನವಾಗಿ ಕುಗ್ಗಿಸುತ್ತವೆ, ಕಣ್ಣಿನ ಮಟ್ಟಿಗೆ ಅಷ್ಟು ಚಿಂತೆಯಿಲ್ಲ. ಆದರೆ ಮೋಸ ಹೋಗುವುದು ಇಲ್ಲೇ. ಡ್ಯುಟಾಸ್ಟರೈಡ್ ಎಷ್ಟೋ ಸಲ ಟ್ಯಾಮ್ಸುಲೋಸಿನ್ ಜೊತೆ ಒಂದೇ ಮಾತ್ರೆಯಲ್ಲಿ ಬರುತ್ತದೆ.

ಮೆಡಿಕಲ್ ಶಾಪ್‌ನವರು ನಾಲ್ಕೈದು ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರಿನ ಭಾಗ ಅವರ ಡಬ್ಬಿಯಲ್ಲೇ ಉಳಿಯುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ ಪಡೆಯಿರಿ, ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಎರಡನೆಯದು: ಚೀಟಿ ಬರೆಯಿರಿ

ಔಷಧದ ಹೆಸರು, ಡೋಸ್, ಯಾವ ವರ್ಷದಿಂದ, ನಿಲ್ಲಿಸಿದ್ದರೆ ಯಾವಾಗ. ‘ಬಿಟ್ಟು ಎರಡು ವರ್ಷವಾಯಿತು, ಈಗೇಕೆ ಹೇಳಬೇಕು’ ಎನ್ನಬೇಡಿ. ಬಿಟ್ಟು ವರ್ಷಗಳಾದ ಮೇಲೂ ಪರದೆ ಸಡಿಲವಾಗಿ ವರ್ತಿಸಿದ್ದು ವರದಿಯಾಗಿದೆ. ಚೀಟಿಯನ್ನು ತಪಾಸಣೆಯ ದಿನ ಡಾಕ್ಟರಿಗೆ ಕೊಡಿ, ಆಪರೇಷನ್ ಬೆಳಿಗ್ಗೆ ನರ್ಸ್‌ಗೂ ತೋರಿಸಿ. ಶಿಬಿರದಲ್ಲಿ ಹೆಸರು ಬರೆಸಿ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ತಪಾಸಣೆ ಮಾಡಿದವರೇ ಆಪರೇಷನ್ ಮಾಡುವವರಾಗಿರಬೇಕೆಂದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯ: ನೀವಾಗಿ ನಿಲ್ಲಿಸಬೇಡಿ

ಒಂದು ವಾರ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಕಟ್ಟೆಯ ಮೇಲೆ ಸುಲಭವಾಗಿ ಸಿಗುತ್ತದೆ. ಬಿಟ್ಟರೂ ಪರದೆ ಗಟ್ಟಿಯಾಗುವ ಭರವಸೆಯಿಲ್ಲ. ಮೂತ್ರ ಕಟ್ಟಿಕೊಂಡು ಟ್ಯೂಬ್ ಹಾಕಿಸಿಕೊಳ್ಳುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ. ಆಪರೇಷನ್‌ಗೆ ಮುಂಚೆ ಪಾಪೆ ಅಗಲಿಸಲು ಕೆಲವೊಮ್ಮೆ ಅಟ್ರೋಪಿನ್ ಹನಿ ಬರೆಯುತ್ತಾರೆ. ಅದೂ ಮೂತ್ರ ಕಟ್ಟಿಸಬಲ್ಲದು. ಮಾತ್ರೆ ಬಿಟ್ಟು ಅಟ್ರೋಪಿನ್ ಹಾಕಿಸಿಕೊಂಡರೆ ಎರಡೂ ಕಡೆಯಿಂದ ಹೊಡೆತ. ಹನಿ ಶುರುಮಾಡಿದ ಮೇಲೆ ಒಂದಕ್ಕೆ ಹೋಗಲು ಕಷ್ಟವಾದರೆ ತಕ್ಷಣ ತಿಳಿಸಿ.

ಮಾತ್ರೆ ಇನ್ನೂ ಶುರುವಾಗಿಲ್ಲ, ಪೊರೆ ಬಲಿತಿದೆ ಎಂದಾದರೆ ಲೆಕ್ಕ ಬೇರೆ. ಪೊರೆಯ ವಿಷಯವನ್ನು ಮೂತ್ರರೋಗ ತಜ್ಞರಿಗೆ ಹೇಳಿ, ಕಣ್ಣಿನ ಕೆಲಸ ಮುಗಿಯುವವರೆಗೆ ಮಾತ್ರೆ ಕಾಯಬಹುದೇ ಎಂದು ಕೇಳಿ. ಕಾಯಲಾಗದಿದ್ದರೆ ಆಲ್ಫುಜೋಸಿನ್ ಆಗುತ್ತದೆಯೇ ಎಂದೂ ವಿಚಾರಿಸಬಹುದು, ಅದರಲ್ಲಿ ಈ ತೊಂದರೆ ಟ್ಯಾಮ್ಸುಲೋಸಿನ್‌ಗಿಂತ ಕಡಿಮೆ.

ವಿಷಯ ತಿಳಿದ ಸರ್ಜನ್ ಏನು ಮಾಡುತ್ತಾರೆ? ಪಾಪೆ ಅಗಲಿಸುವ ಫಿನೈಲೆಫ್ರಿನ್ ಅಥವಾ ಅಡ್ರಿನಲಿನ್ ಅನ್ನು ಕಣ್ಣೊಳಗೇ ಬಿಡುತ್ತಾರೆ, ನೀರಿನ ಹರಿವು ತಗ್ಗಿಸುತ್ತಾರೆ, ಗಟ್ಟಿ ಜೆಲ್ ಬಳಸುತ್ತಾರೆ. ಸಾಲದಿದ್ದರೆ ಪಾಪೆಯ ಅಂಚನ್ನು ಸಣ್ಣ ಕೊಕ್ಕೆಗಳಿಂದಲೋ, ಆರೇಳು ಮಿಲಿಮೀಟರ್ ಅಗಲದ ಮಲ್ಯುಗಿನ್ ರಿಂಗಿನಿಂದಲೋ ಹಿಡಿದು ನಿಲ್ಲಿಸಿ, ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ಇವನ್ನೆಲ್ಲ ಮೊದಲೇ ಜೋಡಿಸಿಡಬೇಕು. ಚೀಟಿ ಬೇಕಾಗುವುದು ಅದಕ್ಕೇ.

ಆಪರೇಷನ್ ಇಲ್ಲದವರೂ ಗಮನಿಸಬೇಕಾದದ್ದು

ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲೆ ಬಂದರೆ ಅದು ಕಣ್ಣಿನ ದೋಷವಲ್ಲದಿರಬಹುದು. ಈ ಮಾತ್ರೆಗಳು ಎದ್ದು ನಿಂತಾಗ ಬಿಪಿ ಇಳಿಸುತ್ತವೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಿ, ಬಚ್ಚಲಿನ ದಾರಿಗೆ ಸಣ್ಣ ದೀಪವಿರಲಿ. ಟ್ಯಾಮ್ಸುಲೋಸಿನ್ ಅನ್ನು ದಿನವೂ ಒಂದೇ ಊಟವಾಗಿ ಅರ್ಧ ಗಂಟೆಗೆ ನುಂಗಿ. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಹೆಚ್ಚು ಸೇರುತ್ತದೆ.

ಮೂತ್ರ ಅವಸರವಾಗುವುದಕ್ಕೆ ಜೊತೆಯಲ್ಲಿ ಸೋಲಿಫೆನಾಸಿನ್ ಅಥವಾ ಟೋಲ್ಟೆರೋಡಿನ್ ಕೊಟ್ಟಿದ್ದರೆ ಹತ್ತಿರದ್ದು ಮಸುಕಾಗಬಹುದು, ಕಣ್ಣು ಒಣಗಬಹುದು. ಕಣ್ಣಿನ ನೀರು ಹರಿಯುವ ಕೋನ ಇಕ್ಕಟ್ಟಾಗಿರುವವರಲ್ಲಿ ಇವು ಒತ್ತಡವನ್ನು ದಿಢೀರನೆ ಏರಿಸಬಲ್ಲವು. ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಪ್ರಾಸ್ಟೇಟ್ ತೊಂದರೆಗೆಂದು ದಿನಕ್ಕೆ 5 ಮಿ.ಗ್ರಾಂ ಟಡಾಲಫಿಲ್ ತೆಗೆದುಕೊಳ್ಳುವವರಿಗೆ ಒಂದು ಕಣ್ಣಿನ ನೋಟ ನೋವಿಲ್ಲದೆ ಏಕಾಏಕಿ ಹೋದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆ ಸೇರಬೇಕು. ಇದು ಅಪರೂಪ, ಮಾತ್ರೆಯೇ ಕಾರಣ ಎಂದು ಖಚಿತವಾಗಿಯೂ ಇಲ್ಲ, ಆದರೂ ಇನ್ನೊಂದು ಡೋಸ್ ನುಂಗಿ ನೋಡುವ ಸಂಗತಿಯಲ್ಲ.

ಪೊರೆ ಸಾಮಾನ್ಯವಾಗಿ ಒಂದು ಕಣ್ಣಾದ ಮೇಲೆ ಇನ್ನೊಂದು ಕಣ್ಣಿಗೆ ತೆಗೆಯುತ್ತಾರೆ. ಮೊದಲ ಕಣ್ಣಿನಲ್ಲಿ ಪರದೆ ಸಡಿಲವಾಗಿತ್ತೇ, ರಿಂಗ್ ಬೇಕಾಯಿತೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡನೆಯ ಕಣ್ಣಿಗೆ ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿನವರು ಮೊದಲು ಓದಬೇಕಾದ ಸಾಲು ಅದು.