ಫೇಡ್ ಮತ್ತು ಲೋಡ್: ಎರಡನ್ನೂ ಒಟ್ಟಿಗೆ ಓಡಿಸಿದ ನನ್ನ ಅನುಭವ

ಒಂದು ಸೀರೆ ಅಂಗಡಿಯ ಸೈಟು. ಹಳೆಯದು, ಪೂರ್ತಿ ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದದ್ದು. ಇಳಕಲ್, ಮೊಳಕಾಲ್ಮೂರು ಅಂತ ಬಟನ್ ಒತ್ತಿದರೆ ಇರುವ ಸೀರೆಗಳು ಮೆಲ್ಲಗೆ ಮರೆಯಾಗಿ ಹೊಸವು ಮೂಡಬೇಕು. "ಫೇಡ್ ತೆಗೆದುಬಿಡು, ನಿಧಾನದ ನೆಟ್‌ನಲ್ಲಿ ಅದು ಯಾವತ್ತೂ ಸರಿಹೋಗಲ್ಲ" ಅಂತ ಜೊತೆಯವರೆಲ್ಲ ಹೇಳಿದರು. ನಾನು ತೆಗೆಯಲಿಲ್ಲ. ಕೊನೆಗೆ ಸರಿಹೋಗಿ ನಾಲ್ಕು ತಿಂಗಳಾಯಿತು, ಒಂದು ದೂರೂ ಬಂದಿಲ್ಲ.

ಮೊದಲು ಸೆಟ್‌ಟೈಮ್‌ಔಟ್ 400 ಹಾಕಿದ್ದೆ, ಅಂದರೆ 400 ಮಿಲಿಸೆಕೆಂಡ್ ಕಾದು ಮತ್ತೆ ಮೂಡಿಸುವುದು. ನನ್ನ ವೈಫೈನಲ್ಲಿ ಚೆನ್ನಾಗಿತ್ತು. ಅಂಗಡಿಯವರ ಮೊಬೈಲ್‌ನಲ್ಲಿ ಹಳೆಯ ಸೀರೆಗಳೇ ವಾಪಸ್ ಮೂಡಿ, ಆಮೇಲೆ ಪಟಕ್ಕನೆ ಹೊಸವು ಬರುತ್ತಿದ್ದವು. ಆಮೇಲೆ ಫೇಡ್‌ಔಟ್‌ನ ಕಾಲ್‌ಬ್ಯಾಕ್ (ಮುಗಿದ ಮೇಲೆ ಓಡುವ ಕೋಡು) ಒಳಗೆ ಏಜಾಕ್ಸ್ (ಸರ್ವರ್‌ನಿಂದ ಡೇಟಾ ತರುವ ರಿಕ್ವೆಸ್ಟು) ಇಟ್ಟೆ. ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಆ ಕಾಲ್‌ಬ್ಯಾಕ್ ಪ್ರತಿ ಎಲಿಮೆಂಟಿಗೂ ಒಂದೊಂದು ಸಲ ಓಡುತ್ತದೆ ಅಲ್ವಾ? ಪೇಜಿನಲ್ಲಿ ಸೀರೆಗೊಂದರಂತೆ 24 ಕಾರ್ಡು, ಒಂದು ಕ್ಲಿಕ್ಕಿಗೆ 24 ರಿಕ್ವೆಸ್ಟು. ಗೌರಿ ಹಬ್ಬದ ಸೇಲ್ ಸಂಜೆ ಹೋಸ್ಟಿಂಗ್ ಮಿತಿ ದಾಟಿ ಸೈಟು ಮಲಗಿತು. ಸುಮಾರು ಮೂರೂವರೆ ಸಾವಿರ ಕೈಯಿಂದ ಹಾಕಿ ಪ್ಲಾನ್ ಏರಿಸಿದೆ, ನನಗೆ ಬರಬೇಕಿದ್ದ ಹನ್ನೆರಡು ಸಾವಿರ ಒಂದೂವರೆ ತಿಂಗಳು ತಡವಾಯಿತು.

ಕೊನೆಗೆ ಕಾರ್ಡುಗಳನ್ನು ಬಿಟ್ಟು ಅವನ್ನೆಲ್ಲ ಹಿಡಿದಿರುವ ಹೊರಗಿನ ಡಿವ್ (ಪೆಟ್ಟಿಗೆ) ಒಂದನ್ನೇ ಫೇಡ್ ಮಾಡಿದೆ. ಅದೂ ಜಾಗ ಬಿಡದೆ ಮಸುಕು ಮಾತ್ರ ಮಾಡುವ ಫೇಡ್‌ಟು ಬಳಸಿ, ಯಾಕೆಂದರೆ ಫೇಡ್‌ಔಟ್ ಮುಗಿದಾಗ display: none ಆಗಿ, ಜಾಗವೇ ಹೋಗಿ ಫೂಟರ್ ಮೇಲಕ್ಕೆ ಜಿಗಿಯುತ್ತದೆ. ಒಳಗಿನದನ್ನು ಬದಲಿಸುವಾಗಲೂ ಜಿಗಿಯಬಾರದು ಅಂತ ಇರುವ ಎತ್ತರವನ್ನೇ ಮಿನ್-ಹೈಟ್ (ಕನಿಷ್ಠ ಎತ್ತರ) ಮಾಡಿ ಹಿಡಿದೆ. ಕ್ಲಿಕ್ ಆದ ಕ್ಷಣವೇ ಫೇಡೂ ಶುರು, ಏಜಾಕ್ಸೂ ಶುರು. ಎರಡರ ಪ್ರಾಮಿಸನ್ನೂ (ಕೆಲಸ ಮುಗಿದಾಗ ತಿಳಿಸುವ ಆಬ್ಜೆಕ್ಟ್) ಡಾಲರ್ ವೆನ್‌ಗೆ, ಅಂದರೆ $.whenಗೆ ಕೊಟ್ಟೆ, ಎರಡೂ ಮುಗಿದ ಮೇಲೆಯೇ ಅದು ಮುಂದಕ್ಕೆ ಹೋಗುತ್ತದೆ. ಮೊದಲು ಫೇಡ್ ಮುಗಿದ ಮೇಲೆ ಡೇಟಾಗೆ ಕಾಯಬೇಕಿತ್ತು, ಈಗ ಎರಡರಲ್ಲಿ ಯಾವುದು ನಿಧಾನವೋ ಅಷ್ಟೇ ಹೊತ್ತು. ಏಜಾಕ್ಸ್ ಉತ್ತರ ಅರೇ (ಪಟ್ಟಿ) ಆಗಿ ಬರುತ್ತದೆ, ಅದರ ಮೊದಲನೆಯದು ನಿಮಗೆ ಬೇಕಾದ್ದು.

ಆದರೂ ಬಿಳಿ ಚೌಕಗಳು ಕಾಣುತ್ತಿದ್ದವು, ಚಿತ್ರ ಬರುವ ಮೊದಲೇ ಫೇಡ್‌ಇನ್ ಆಗುತ್ತಿತ್ತು. ಮೊದಲ ಆರು ಚಿತ್ರಗಳಿಗೆ ಲೇಜಿ (ತೆರೆಯ ಹತ್ತಿರ ಬರುವವರೆಗೆ ಚಿತ್ರ ತರದ ಸೆಟ್ಟಿಂಗ್) ತೆಗೆದು, ಡಿಕೋಡ್ ಮುಗಿದು ಚಿತ್ರ ತೋರಿಸಲು ಸಿದ್ಧವಾಗುವವರೆಗೆ ಕಾದೆ. ಒಂದೊಂದಕ್ಕೂ ಬೇರೆ ಕ್ಯಾಚ್ (ತಪ್ಪನ್ನು ಹಿಡಿಯುವ ಕೋಡು) ಹಾಕಲೇಬೇಕು, ಇಲ್ಲದಿದ್ದರೆ ಒಂದು ಚಿತ್ರ ಕೆಟ್ಟಿದ್ದರೂ ಎಲ್ಲಕ್ಕೂ ಒಟ್ಟಿಗೆ ಕಾಯುವ ಪ್ರಾಮಿಸ್ ಆಲ್ ಅಲ್ಲೇ ಬಿದ್ದು ಪೇಜ್ ಖಾಲಿ ನಿಲ್ಲುತ್ತದೆ.

ಬೇಗ ಬೇಗ ಎರಡು ಬಟನ್ ಒತ್ತಿದರೆ? ಬ್ಯಾಂಕಿನ ಟೋಕನ್ ಥರ ಕ್ಲಿಕ್ಕಿಗೊಂದು ನಂಬರು. ಉತ್ತರ ಬಂದಾಗ ನಂಬರು ಹಳೆಯದಾಗಿದ್ದರೆ ಬಿಸಾಡುವುದು. ಹಿಂದಿನ ಅನಿಮೇಶನ್ ಅಲ್ಲೇ ನಿಲ್ಲಲು, ಸಾಲಿನಲ್ಲಿರುವುದೂ ಅಳಿಯಲು stop(true).

ನಡುವೆ ಬ್ರೌಸರೇ ಇಂಥ ಫೇಡ್ ಮಾಡಿಕೊಡುವ ವ್ಯೂ ಟ್ರಾನ್ಸಿಶನ್ಸ್ ಕೂಡ ನೋಡಿದೆ, ಕ್ರೋಮ್‌ನಲ್ಲಿ 2023ರಿಂದ ಇದೆ. ಅದರ ಕಾಲ್‌ಬ್ಯಾಕ್ ಒಳಗೆ ಡೇಟಾ ತರುವ ಫೆಚ್ ಇಟ್ಟರೆ ಅಷ್ಟು ಹೊತ್ತೂ ಪೇಜ್ ಕಲ್ಲಿನ ಹಾಗೆ ನಿಲ್ಲುತ್ತದೆ, ಡೇಟಾ ಮೊದಲೇ ತಂದಿಟ್ಟುಕೊಳ್ಳಿ. ಇನ್ನೊಂದು ಪ್ರಯೋಗ ಮಾತ್ರ ಉಳಿಸಿಕೊಂಡೆ: ಫೇಡನ್ನು ಸೊನ್ನೆಗೆ (ಪೂರ್ತಿ ಮರೆಯಾಗುವವರೆಗೆ) ಇಳಿಸದೆ 0.25ಕ್ಕೆ ನಿಲ್ಲಿಸುವುದು. ನೆಟ್ ನಿಧಾನವಿದ್ದರೂ ಪೇಜ್ ಖಾಲಿ ಅನ್ನಿಸಲ್ಲ. ಇಳಿಯಲು 150, ಏರಲು 250 ಮಿಲಿಸೆಕೆಂಡ್ ಇಟ್ಟಿದ್ದೇನೆ.

ಮುಂದೆ ಯಾವ ಬಟನ್ ಒತ್ತುತ್ತಾರೆ ಅಂತ ಊಹಿಸಿ ಡೇಟಾ ತರಿಸಿಡುವ ಸಣ್ಣ ಲೆಕ್ಕವೂ ಒಂದಿದೆ. ಅದನ್ನು ಬರೆಯಲ್ಲ, ಅದರಿಂದಲೇ ಈಗ ಇನ್ನೆರಡು ಅಂಗಡಿಗಳ ಕೆಲಸ ಸಿಕ್ಕಿದೆ.