ಬಾಗಿಲು ಮುಚ್ಚಿ ಮಲಗುವ ಸೀಗಡಿ

ನೇತ್ರಾಣಿ ದ್ವೀಪದ ಪಕ್ಕ ನಾನು ಮೊದಲ ಸಲ ನೀರಿಗಿಳಿದದ್ದು 2018ರ ಡಿಸೆಂಬರ್‌ನಲ್ಲಿ. ಮುರುಡೇಶ್ವರದಿಂದ ದೋಣಿಯಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ. ನೀರೊಳಗೆ ಸಿಕ್ಕಿದ್ದು ಬರೀ 25 ನಿಮಿಷ. ಬಂಡೆಯ ಮೇಲೆ ಹವಳ, ಅದರ ಸಂದಿಯಲ್ಲಿ ಏನೋ ಒಂದು ಓಡಾಡುತ್ತಿತ್ತು. ಏನದು ಅಂತ ಬಗ್ಗಿ ನೋಡುವಷ್ಟರಲ್ಲಿ ತರಬೇತುದಾರರು ಕೈ ಹಿಡಿದು ಮುಂದಕ್ಕೆ ಕರೆದೊಯ್ದರು. ಮೈಸೂರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಆ ಸಂದಿಯ ಮುಂದೆ ಒಂದಿಡೀ ದಿನ ಕೂತಿರುವ ಹಾಗಿದ್ದರೆ?

ಆ ಆಸೆಗೇ ಮುಂದಿನ ವರ್ಷ ನಮ್ಮ ನಡುಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟೆ. ಉದ್ದ ಮೂರಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಕಲ್ಲು, ಮರಳು ಕಳೆದು ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ನಲ್ಲಿ ನೀರು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಆರ್‌ಒ ನೀರಿಗೆ ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕಲಸುತ್ತೇನೆ. ಇದು ಅಡುಗೆ ಉಪ್ಪಲ್ಲ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 35 (ಸಾವಿರಕ್ಕೆ 35 ಪಾಲು) ತೋರಿಸಿದರೆ ಕಡಲಿನಷ್ಟೇ ಉಪ್ಪಾಗಿದೆ ಅಂತ ಅರ್ಥ.

ಅಂಗಡಿಯೊಂದರಲ್ಲಿ 'ಲೈವ್ ರಾಕ್' ಅಂತ ಒಂದು ಬುಟ್ಟಿ ಕಲ್ಲು ತೋರಿಸಿದರು. ಹತ್ತಿರದಿಂದ ನೋಡಿದರೆ ಅದು ಹವಳದ ಅಸ್ಥಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಲ್ಲುಹವಳಗಳಿವೆ. ಕಡಲಕುದುರೆ, ಕಡಲಸೌತೆಗಳಿಗೂ ಈ ಕಾಯ್ದೆಯ ರಕ್ಷಣೆ ಇದೆ. ಸತ್ತ ಹವಳದ ತುಂಡನ್ನೂ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ನಾನು ಕೈಯಲ್ಲೂ ಮುಟ್ಟದೆ ಹೊರಟುಬಂದೆ. ನನ್ನ ಟ್ಯಾಂಕಿನಲ್ಲಿರುವುದು ಸೆರಾಮಿಕ್‌ನಿಂದ ಮಾಡಿದ ಕಲ್ಲು. ವರ್ಷ ಕಳೆಯುವುದರಲ್ಲಿ ಅದರ ಮೇಲೂ ನೇರಳೆ ಬಣ್ಣದ ಪಾಚಿ ಕಟ್ಟಿತು. ಹವಳವನ್ನು ಕಿತ್ತು ತಂದು ಹವಳದ ಪ್ರಾಣಿಗಳನ್ನು ಪ್ರೀತಿಸುತ್ತೇನೆ ಅನ್ನುವುದು ನನಗೆ ಸರಿ ಕಾಣಲಿಲ್ಲ.

ಮೊದಲ ಐದು ವಾರ ಟ್ಯಾಂಕಿನಲ್ಲಿ ಒಂದು ಜೀವವೂ ಇರಲಿಲ್ಲ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ, ಅಷ್ಟೇ. ಅದು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಸೊನ್ನೆಗೆ ಇಳಿಯುವ ತನಕ ಮೀನು ಬಿಟ್ಟರೆ ಅದು ವಿಷದಲ್ಲಿ ಈಜಿದ ಹಾಗೆ. "ಖಾಲಿ ನೀರಿಗೆ ಎಷ್ಟು ದಿನ ಊಟ ಹಾಕ್ತೀಯಮ್ಮಾ?" ಅಂತ ಅತ್ತೆ ದಿನಾ ಕೇಳುತ್ತಿದ್ದರು.

ಹಾಗೆ ಖಾಲಿ ನೀರು ನೋಡುತ್ತಾ ಕೂತಾಗಲೇ ನೋಡುವ ಅಭ್ಯಾಸ ಶುರುವಾಯಿತು. ಮೂರನೇ ವಾರ ಗಾಜಿನ ಮೇಲೆ ಕಂದು ಪುಡಿಯಂತೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬಂತು. ಐದು ವಾರ ಕಳೆದ ಮೇಲೆ ಮೃದು ಹವಳದ (ಕಲ್ಲಿನಂಥ ಅಸ್ಥಿ ಇಲ್ಲದ ಬಗೆ) ಒಂದು ಪುಟ್ಟ ತುಂಡು ತಂದಿಟ್ಟೆ. ಅದರ ಜೊತೆ ಯಾರು ಯಾರು ಬಂದಿದ್ದರೋ, ಹದಿನೈದು ದಿನ ಬಿಟ್ಟು ಗಾಜಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡವು. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ವಾ, ಅಂಥ ಭೂತಗನ್ನಡಿ ಹಿಡಿದು ನೋಡಿದೆ. ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಕೋಪೆಪಾಡ್‌ಗಳು, ಸೀಗಡಿಯ ದೂರದ ನೆಂಟರಾದ ಪುಟಾಣಿ ಜೀವಿಗಳು! ಕೆಲವಕ್ಕೆ ಬಾಲದ ಬುಡದಲ್ಲಿ ಮೊಟ್ಟೆಯ ಚೀಲಗಳಿದ್ದವು. ಆ ಭೂತಗನ್ನಡಿ ಇವತ್ತಿಗೂ ಟ್ಯಾಂಕಿನ ಪಕ್ಕದ ಮೊಳೆಯಲ್ಲೇ ನೇತಾಡುತ್ತದೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಬಿ ಮತ್ತು ಪಿಸ್ತೂಲು ಸೀಗಡಿ.

ಹಳದಿ ವಾಚ್‌ಮನ್ ಗೋಬಿ ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದದ ಮೀನು. ಮರಳಿನ ಮೇಲೆ ಎದೆಯೂರಿ ಕೂರುತ್ತದೆ. ಪಿಸ್ತೂಲು ಸೀಗಡಿ ಅದರ ಅರ್ಧದಷ್ಟಿದೆ. ಮೈಮೇಲೆ ಕಂದು ಪಟ್ಟೆ, ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು. ಕಣ್ಣು ಅಷ್ಟಾಗಿ ಕಾಣದು. ಸೀಗಡಿ ಬಿಲ ತೋಡುತ್ತದೆ, ಮೀನು ಕಾವಲು ಕಾಯುತ್ತದೆ, ಇಬ್ಬರೂ ಅದೇ ಬಿಲದಲ್ಲಿ ಮಲಗುತ್ತಾರೆ. ಓದಿ ಇಷ್ಟು ತಿಳಿದಿತ್ತು. ಎರಡನ್ನೂ ಬೇರೆ ಬೇರೆ ದಿನ ತಂದು ಬಿಟ್ಟೆ. ಇಬ್ಬರೂ ಟ್ಯಾಂಕಿನ ಎರಡು ಮೂಲೆಯಲ್ಲಿ. ಐದನೇ ದಿನ ಬೆಳಿಗ್ಗೆ ನೋಡಿದರೆ ಒಂದೇ ಬಿಲದ ಬಾಯಲ್ಲಿ ಎರಡು ತಲೆ!

ಅವತ್ತು ಒಂದು ನೋಟ್‌ಬುಕ್ ತೆಗೆದೆ. ಒಂದು ನಿಯಮ ಹಾಕಿಕೊಂಡೆ. ಮೊದಲು ಕಂಡದ್ದನ್ನು ಬರೆಯಬೇಕು, ಆಮೇಲೆ ಓದಬೇಕು. ಮೊದಲೇ ಓದಿಬಿಟ್ಟರೆ ಕಣ್ಣು ಓದಿದ್ದನ್ನೇ ಹುಡುಕುತ್ತದೆ. ಗಾಜಿಗೆ ಮುಖ ಒತ್ತಿ ಕೂರುವುದನ್ನೂ ಬಿಟ್ಟೆ. ಮೀನುಗಳು ಊಟ ಬಂತು ಅಂತ ಮುಂದಕ್ಕೆ ಬಂದು ನಿಂತರೆ ಅವುಗಳ ನಿಜವಾದ ನಡವಳಿಕೆ ಕಾಣುವುದಿಲ್ಲ. ನಾಲ್ಕಡಿ ದೂರದಲ್ಲಿ ಒಂದು ಗಿಡ್ಡ ಸ್ಟೂಲು ಇಟ್ಟೆ. ಮೊದಲ ಹತ್ತು ನಿಮಿಷ ಏನೂ ಬರೆಯುವುದಿಲ್ಲ. ಅಷ್ಟು ಹೊತ್ತಿಗೆ ಅವು ನನ್ನನ್ನು ಮರೆಯುತ್ತವೆ.

ಮೊದಲು ಗಮನಕ್ಕೆ ಬಂದದ್ದು ಮೀಸೆ. ಸೀಗಡಿ ಬುಲ್ಡೋಜರ್ ಥರ ಮರಳನ್ನು ತಳ್ಳುತ್ತಾ ಹೊರಗೆ ಬಂದಾಗಲೆಲ್ಲ ಅದರ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಕಣ್ಣು ಕಾಣದವರು ಜೊತೆಗಿದ್ದವರ ಹೆಗಲ ಮೇಲೆ ಕೈ ಇಟ್ಟು ನಡೆಯುವ ಹಾಗೆ. ಗೋಬಿ ಒಂದಿಂಚು ಸರಿದರೆ ಮೀಸೆಯೂ ಸರಿಯುತ್ತದೆ. ಒಂದು ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಸೀಗಡಿ 31 ಸಲ ಹೊರಬಂತು. ಗೋಬಿ ಬಾಗಿಲಲ್ಲಿ ಇಲ್ಲದಿದ್ದಾಗ ಒಂದು ಸಲವೂ ಬರಲಿಲ್ಲ.

ಆಮೇಲೆ ಬಾಲ. ನಾನು ಸ್ಟೂಲಿನಿಂದ ಎದ್ದು ನಿಂತರೆ ಗೋಬಿ ಬಾಲವನ್ನು ಸರಕ್ಕನೆ ಒಂದೆರಡು ಸಲ ಅಲ್ಲಾಡಿಸುತ್ತದೆ. ಸೀಗಡಿ ತಕ್ಷಣ ಹಿಂದಕ್ಕೆ ಸರಿದು ಬಾಗಿಲಲ್ಲೇ ನಿಲ್ಲುತ್ತದೆ. ನಾನು ಕೈಯನ್ನು ಗಾಜಿನ ಹತ್ತಿರ ತಂದರೆ ಬಾಲದ ಮಾತಿಲ್ಲ. ಗೋಬಿ ತಲೆ ಮುಂದಾಗಿ ಬಿಲಕ್ಕೆ ನುಗ್ಗುತ್ತದೆ, ಸೀಗಡಿ ಅದಕ್ಕಿಂತ ಮೊದಲೇ ಒಳಗಿರುತ್ತದೆ. ಅಂದರೆ ಎಚ್ಚರಿಕೆಗೂ ಎರಡು ಮಟ್ಟ. ಇದನ್ನು ಬರೆದುಕೊಂಡ ಮೇಲೆ ಓದಿದೆ. ಇಲಾನ್ ಕಾರ್ಪ್ಲಸ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕೆಂಪು ಸಮುದ್ರದಲ್ಲಿ ಇದೇ ಸ್ಪರ್ಶದ ಮಾತನ್ನು ವಿವರವಾಗಿ ದಾಖಲಿಸಿದ್ದಾರೆ. ನನ್ನ ಪೆನ್ಸಿಲ್ ಗೀಚು ಅವರ ಮಾತಿಗೆ ಹೊಂದಿಕೊಂಡಾಗ ಆದ ಖುಷಿ ಹೇಳಲಾರೆ.

ಒಂದು ವಿಷಯ ಕಂಡುಹಿಡಿದದ್ದು ನಾನಲ್ಲ, ನಮ್ಮತ್ತೆ. ಅವರು ಐದು ಗಂಟೆಗೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು. ಒಂದು ದಿನ ನನ್ನನ್ನು ಎಬ್ಬಿಸಿ, "ಬಾಮ್ಮ ಇಲ್ಲಿ, ನಿನ್ನ ಸೀಗಡಿ ಈಗ ಬಾಗಿಲು ತೆಗೀತಿದೆ" ಅಂದರು. ಬಿಲದ ಬಾಯಿ ಪೂರ್ತಿ ಮುಚ್ಚಿತ್ತು. ಮರಳು ಒಳಗಿನಿಂದ ಉಬ್ಬಿ, ಕುಸಿದು, ಒಂದು ತೂತು ಬಿತ್ತು. ಮೊದಲು ಹೊರಬಂದದ್ದು ಗೋಬಿಯ ಮೂತಿ. ಸೀಗಡಿ ರಾತ್ರಿ ಬಾಗಿಲು ಮುಚ್ಚಿ ಮಲಗುತ್ತದೆ! ನಾನು ಏಳು ಗಂಟೆಗೆ ಎದ್ದು ನೋಡುತ್ತಿದ್ದವಳು, ತಿಂಗಳುಗಟ್ಟಲೆ ಇದನ್ನು ತಪ್ಪಿಸಿಕೊಂಡಿದ್ದೆ. ಅವತ್ತಿಂದ ನೋಟ್‌ಬುಕ್‌ನಲ್ಲಿ ಬೆಳಗಿನ ಪುಟ ಅತ್ತೆಯದು.

ರಾತ್ರಿ ನೋಡುವುದಕ್ಕೆ ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಸುತ್ತಿದ್ದೇನೆ. ಕೆಂಪು ಬೆಳಕಿಗೆ ಈ ಪ್ರಾಣಿಗಳು ಅಷ್ಟಾಗಿ ಬೆದರುವುದಿಲ್ಲ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಬಂದರೆ ಬೇರೆಯದೇ ಊರು. ಹಗಲೆಲ್ಲ ಕಲ್ಲಿನಡಿ ಇದ್ದ ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ನೆಂಟ) ತನ್ನ ಉದ್ದನೆಯ ತೋಳುಗಳನ್ನು ಚಾಚಿರುತ್ತದೆ. ಹವಳದ ಬಳಗದ, ಹೂವಿನಂಥ ಜೊಯಾಂಥಿಡ್‌ಗಳು ಮೊಗ್ಗಿನ ಹಾಗೆ ಮುಚ್ಚಿಕೊಂಡಿರುತ್ತವೆ. (ಇವನ್ನು ಸಾಕುವವರಿಗೆ ಒಂದು ಮಾತು. ಕೆಲವು ಬಗೆಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅವು ಅಂಟಿದ ಕಲ್ಲನ್ನು ಯಾವತ್ತೂ ಬಿಸಿನೀರಲ್ಲಿ ಕುದಿಸಬೇಡಿ, ಆ ಹಬೆಯೇ ಅಪಾಯ.)

ಒಂದು ರಾತ್ರಿ 'ಚಟ್' ಅಂತ ಸದ್ದಾಯಿತು. ಗಾಜು ಬಿರುಕು ಬಿಟ್ಟಿತು ಅಂತಲೇ ಓಡಿಬಂದೆ. ನೆಲವೆಲ್ಲ ಕೈಯಾಡಿಸಿದೆ, ಒಣಗಿತ್ತು. ಮತ್ತೆ 'ಚಟ್'. ಸೀಗಡಿಯ ದೊಡ್ಡ ಕೊಂಡಿ! ಅದು ಕೊಂಡಿ ಮುಚ್ಚುವ ವೇಗಕ್ಕೆ ನೀರು ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತದೆ. ಸದ್ದು ಬರುವುದು ಆ ಗುಳ್ಳೆ ಒಡೆದಾಗ. ಇದರ ಬಳಗದ ಇನ್ನೊಂದು ಸೀಗಡಿಯಲ್ಲಿ ವಿಜ್ಞಾನಿಗಳು ಅಳೆದು, ಆ ಕ್ಷಣದಲ್ಲಿ ಗುಳ್ಳೆಯೊಳಗಿನ ಶಾಖ 4,700 ಡಿಗ್ರಿ ಮುಟ್ಟುತ್ತದೆ ಅಂತ 2001ರಲ್ಲಿ ಪ್ರಕಟಿಸಿದರು. ನನ್ನ ಬೆರಳಿನ ಅರ್ಧದಷ್ಟಿರುವ ಪ್ರಾಣಿ ಇಂಥದ್ದನ್ನು ಮಾಡುತ್ತದೆ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಕಲ್ಲುಗಳನ್ನು ಮರಳಿನ ಮೇಲೆ ಜೋಡಿಸಿದ್ದೆ. ಸೀಗಡಿ ಅಡಿಯಿಂದ ತೋಡುತ್ತಾ ಹೋಯಿತು. ಎಂಟನೇ ತಿಂಗಳು ಒಂದು ಮಧ್ಯಾಹ್ನ ದೊಡ್ಡ ಕಲ್ಲು ಬಿಲದ ಮೇಲೇ ಜಾರಿ ಕೂತಿತು. ಗೋಬಿ ಹೊರಗಿತ್ತು, ಸೀಗಡಿ ಕಾಣಲಿಲ್ಲ. ಕಲ್ಲೆತ್ತಿದರೆ ಉಳಿದ ಬಿಲವೂ ಕುಸಿಯಬಹುದು ಅಂತ ಭಯ. ಸಂಜೆಯವರೆಗೆ ಕಾದೆ. ಗೋಬಿ ಆ ಜಾಗ ಬಿಟ್ಟು ಕದಲಲಿಲ್ಲ. ರಾತ್ರಿ ಒಂಬತ್ತಕ್ಕೆ ಕಲ್ಲಿನ ಇನ್ನೊಂದು ಬದಿಯಲ್ಲಿ ಮರಳು ಅಲ್ಲಾಡಿ ಮೀಸೆ ಹೊರಬಂತು. ನನಗೆ ಅಳು ಬಂತು. ಅವೆರಡೂ ಕಡಲಿನಿಂದ ಹಿಡಿದು ತಂದ ಪ್ರಾಣಿಗಳು. ಅವುಗಳ ಮನೆ ಗಟ್ಟಿಯಾಗಿ ಕಟ್ಟುವುದು ನನ್ನ ಕೆಲಸವಾಗಿತ್ತು. ಆ ವಾರವೇ ಎಲ್ಲ ಕಲ್ಲನ್ನೂ ನೇರವಾಗಿ ತಳದ ಗಾಜಿಗೆ ಊರಿ, ಆಮೇಲೆ ಸುತ್ತ ಮರಳು ತುಂಬಿದೆ. ನುಣ್ಣನೆ ಮರಳಿನ ಜೊತೆ ಚಿಪ್ಪಿನ ಚೂರನ್ನೂ ಬೆರೆಸಿದೆ. ಗೋಡೆ ನಿಲ್ಲಿಸುವುದಕ್ಕೆ ಸೀಗಡಿಗೆ ಚೂರುಗಳೇ ಬೇಕು.

ನಮ್ಮ ಬೇಸಿಗೆಯೂ ಒಂದು ಪರೀಕ್ಷೆ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ದಾಟುತ್ತದೆ. ಮೇಲಿಂದ ಪುಟ್ಟ ಫ್ಯಾನ್ ಗಾಳಿ ಬಿಟ್ಟರೆ ಎರಡು ಡಿಗ್ರಿ ಇಳಿಯುತ್ತದೆ, ಆದರೆ ದಿನಕ್ಕೆ ಎರಡು ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲವಲ್ಲ, ಹಾಗಾಗಿ ತುಂಬಿಸುವುದು ಸಿಹಿನೀರನ್ನೇ. ಇನ್ನು ಕರೆಂಟು. ಒಂದು ಮೇ ಸಂಜೆ ಮಳೆಗೆ ಮರ ಬಿದ್ದು ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಬ್ಯಾಟರಿಯ ಏರ್ ಪಂಪ್ ಕೈಕೊಟ್ಟಿತು. ನಾನು, ಮಗಳು ಸರದಿಯಲ್ಲಿ ಚೊಂಬಿನಿಂದ ನೀರು ಮೊಗೆದು ಎತ್ತರದಿಂದ ಸುರಿದೆವು, ಕಾಫಿ ಆರಿಸುವ ಹಾಗೆ. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಊರಿನ ಕಡಲಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಾಕಿದ್ದರು. ಪಂಪೂ ಇಲ್ಲ, ಕರೆಂಟೂ ಇಲ್ಲ. ಅವರ ಮನೆಕೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳಂತೆ. ತೋಳು ನೋಯುತ್ತಿದ್ದಾಗ ಆ ಹುಡುಗಿ ನೆನಪಾದಳು.

ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನೂ ಇದೆ. ಇವು ಕಡಲಿಂದ ಹಿಡಿದವಲ್ಲ, ಮರಿ ಮಾಡಿಸಿದವು. ಮಂಡಪಂ, ವಿಳಿಂಜಂನಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇವುಗಳ ಮರಿ ಮಾಡಿಸುವ ವಿಧಾನ ರೂಢಿಸಿವೆ. ಇವು ಹುಟ್ಟುವಾಗ ಎಲ್ಲವೂ ಗಂಡೇ ಆಗುವಂಥವು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಮೂರನೇ ವರ್ಷ ಕಲ್ಲಿನ ಬುಡದಲ್ಲಿ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟವು. ಕಾಯುವುದು ಬಹುಪಾಲು ಅಪ್ಪ. ರೆಕ್ಕೆಯಿಂದ ಗಾಳಿ ಹಾಕುವ ಹಾಗೆ ಬೀಸುತ್ತಿತ್ತು, ಕೆಟ್ಟ ಮೊಟ್ಟೆಯನ್ನು ಬಾಯಲ್ಲಿ ತೆಗೆಯುತ್ತಿತ್ತು. ಒಂದು ಶಂಖದ ಹುಳು ತೆವಳುತ್ತಾ ಹತ್ತಿರ ಬಂತು. ಅಪ್ಪ ಅದನ್ನು ಕಚ್ಚಿ ಎತ್ತಿ ಒಂದಡಿ ದೂರ ಬಿಟ್ಟು ಬಂತು. ಎಂಟನೇ ದಿನ ಮೊಟ್ಟೆಗಳಲ್ಲಿ ಬೆಳ್ಳಿ ಬಣ್ಣದ ಕಣ್ಣು ಕಂಡವು. ಆ ರಾತ್ರಿ ದೀಪ ಆರಿಸಿದ ಮೇಲೆ ಕೆಂಪು ಟಾರ್ಚಿನಲ್ಲಿ ನೂರಾರು ಕೂದಲೆಳೆಯಂಥ ಮರಿಗಳು ಮೇಲೇರುವುದನ್ನು ನೋಡಿದೆವು. ಅವಕ್ಕೆ ರೋಟಿಫರ್ ಎಂಬ ಸೂಕ್ಷ್ಮ ಜೀವಿಯೇ ಆಹಾರ. ನನ್ನ ಹತ್ತಿರ ಇರಲಿಲ್ಲ. ಒಂದೂ ಉಳಿಯಲಿಲ್ಲ.

ಹೋದ ಸೀಸನ್‌ನಲ್ಲಿ ಮತ್ತೆ ನೇತ್ರಾಣಿಗೆ ಹೋದೆ, ಈ ಸಲ ಡೈವಿಂಗ್ ಸರ್ಟಿಫಿಕೇಟ್ ಇತ್ತು. ಸಿಕ್ಕಿದ್ದು 40 ನಿಮಿಷ. ಜೊತೆಗೆ ಬಂದವರಿಗೆ ಮೊದಲೇ ಹೇಳಿದ್ದೆ, ನಾನು ಸುತ್ತುವುದಿಲ್ಲ, ಒಂದೇ ಬಂಡೆಯ ಹತ್ತಿರ ಇರುತ್ತೇನೆ ಅಂತ. ಹತ್ತು ನಿಮಿಷ ಸುಮ್ನೆ ತೇಲುತ್ತಾ ನಿಂತೆ. ಆಮೇಲೆ ಒಂದು ಪಟ್ಟೆಪಟ್ಟೆ ಡ್ಯಾಮ್ಸೆಲ್ ಮೀನು ಬಂಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿರುವುದು ಕಂಡಿತು. ಅಂಗೈ ಅಗಲದಷ್ಟು ಜಾಗ ನೇರಳೆ ಬಣ್ಣಕ್ಕಿತ್ತು. ಮೀನು ಅಲ್ಲಿ ನಿಂತು ರೆಕ್ಕೆ ಬೀಸುತ್ತಿತ್ತು. ಕ್ಲೌನ್ ಮೀನೂ ಇದೇ ಡ್ಯಾಮ್ಸೆಲ್ ಬಳಗದ್ದೇ ಅಲ್ವಾ. ಮೊಟ್ಟೆ ಅಂತ ಗೊತ್ತಾಯಿತು. ನಾನು ಎರಡು ಮೊಳ ಹಿಂದಕ್ಕೆ ಸರಿದೆ. ಅಷ್ಟರಲ್ಲಿ ಒಂದು ಪುಟ್ಟ ಶಂಖ ಬಂಡೆಯ ಅಂಚಿನಿಂದ ತೆವಳುತ್ತಾ ಬಂತು. ಮೀನು ಅದನ್ನೇ ನೋಡುತ್ತಾ ನಿಂತಿತು. ಆಮೇಲೆ ಬಾಯಲ್ಲಿ ಕಚ್ಚಿ, ಎತ್ತಿ, ದೂರ ಬಿಟ್ಟು ಬಂತು.