ಅಯ್ಯನವರು ಇಲ್ಲದ ಭಾನುವಾರವೂ ಆರಾಧನೆ ನಡೆಯಬೇಕು

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕ, ಜನ ನಮ್ಮನ್ನು ಅಯ್ಯನವರು ಅನ್ನುತ್ತಾರೆ. ನನ್ನ ಸೇವೆ ಜಾಸ್ತಿ ನಡೆದದ್ದು ಉತ್ತರ ಕರ್ನಾಟಕದ ಸಣ್ಣ ಊರುಗಳಲ್ಲಿ. ಇಲ್ಲಿ ಒಬ್ಬ ಅಯ್ಯನವರಿಗೆ ಒಂದೇ ಚರ್ಚ್ ಇರುವುದು ಅಪರೂಪ. ಊರಲ್ಲಿ ಒಂದು ದೊಡ್ಡ ಚರ್ಚ್, ಸುತ್ತಲಿನ ಹಳ್ಳಿಗಳಲ್ಲಿ ವಿಶ್ವಾಸಿಗಳ ಕೆಲವು ಚಿಕ್ಕ ಸಭೆಗಳು, ಎಲ್ಲ ಸೇರಿ ಒಂದು ಪಾಸ್ಟರೇಟ್. ಭಾನುವಾರ ಬೆಳಿಗ್ಗೆ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲು ಆಗುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗವೂ ಆಗುತ್ತದೆ. ಅದಕ್ಕೇ ಯಾವ ಸಭೆಗೆ ಹೋದರೂ ನಾನು ಹಿಡಿದುಕೊಂಡ ಕೆಲಸ ಒಂದೇ: ನಾನಿಲ್ಲದಾಗಲೂ ನಡೆಯುವ ಸಭೆ ಕಟ್ಟುವುದು.

ನಮ್ಮ ಭಾಗಕ್ಕೆ ಇದು ಹಳೇ ಪಾಠ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಈ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿ ಇಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಆಗ ಸಭೆಗಳನ್ನು ನಡೆಸುವ ಹೊರೆ ಇಲ್ಲಿನವರ ಹೆಗಲಿಗೇ ಬಂತು. ನಮ್ಮ ಅಜ್ಜ-ಮುತ್ತಜ್ಜಂದಿರು ಹೊತ್ತ ಹೊರೆಯನ್ನು ನಾವು ಹೊರಲಾರೆವು ಅನ್ನುವುದು ಸರಿಯಲ್ಲ.

ಹೊಸ ಊರಿಗೆ ಹೋದಾಗ ಮೊದಲ ಕೆಲವು ತಿಂಗಳು ಏನನ್ನೂ ಬದಲಾಯಿಸುವುದಿಲ್ಲ. ಮನೆ ಭೇಟಿ ಮಾಡುತ್ತೇನೆ, ಅಷ್ಟೇ. ಜನ ಹೊಲದಿಂದ ಬಂದು ಕೈಕಾಲು ತೊಳೆದು ಕೂತ ಮೇಲೆ ಹೋಗುತ್ತೇನೆ. ಒಬ್ಬ ಸಭಾ ಹಿರಿಯರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತೇನೆ. ಕುರ್ಚಿ ತಂದು ಹಾಕಿದರೂ ಚಾಪೆ ಮೇಲೆ ಕೂತುಬಿಡುತ್ತೇನೆ. ಚಾಪೆ ಮೇಲೆ ಕೂತರೆ ಮಾತು ತಾನಾಗಿಯೇ ಬರುತ್ತದೆ. ಸಾಲ, ಮಗನ ಕುಡಿತ, ಮಗಳಿಗೆ ಬಾರದ ಸಂಬಂಧ, ಗೋವಾಕ್ಕೆ ದುಡಿಯಲು ಹೋದವನು ಫೋನ್ ಮಾಡದಿರುವುದು, ಎಲ್ಲ ಒಂದೊಂದಾಗಿ ಬರುತ್ತದೆ. ಪ್ರಾರ್ಥನೆ ಕೊನೆಗೆ. ಕೇಳಿಸಿಕೊಳ್ಳುವ ಮೊದಲೇ ಪ್ರಾರ್ಥನೆ ಮಾಡಿದರೆ ಯಾವುದಕ್ಕಾಗಿ ಮಾಡಿದ ಹಾಗಾಯಿತು ಹೇಳಿ? ಭಾನುವಾರದ ಪ್ರಸಂಗಕ್ಕೆ (ಉಪದೇಶಕ್ಕೆ) ಬೇಕಾದದ್ದೂ ಇದೇ ಚಾಪೆ ಮೇಲೆ ಸಿಗುತ್ತದೆ. ಆದರೆ ಒಂದು ಮನೆಯ ಗುಟ್ಟು ಹೆಸರಿಲ್ಲದೆಯೂ ಪ್ರಸಂಗಪೀಠಕ್ಕೆ ಬರಬಾರದು. ಸಣ್ಣ ಊರಲ್ಲಿ ಯಾರ ಮನೆಯದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಇಂಥ ಭೇಟಿಗಳಲ್ಲೇ ಮುಂದೆ ಜವಾಬ್ದಾರಿ ಹೊರುವವರು ಕಣ್ಣಿಗೆ ಬೀಳುತ್ತಾರೆ. ಕಮಿಟಿಯಲ್ಲಿ ಗಟ್ಟಿಯಾಗಿ ಮಾತಾಡುವವರೇ ನಾಯಕರು ಅಂತ ನಾನು ನೋಡುವುದಿಲ್ಲ. ಪಕ್ಕದ ಮನೆಯವರಿಗೆ ಜ್ವರ ಬಂದರೆ ಗಂಜಿ ಒಯ್ದು ಕೊಡುವವರು ಯಾರು ಅಂತ ನೋಡುತ್ತೇನೆ. ಒಂದು ಹಳ್ಳಿಯಲ್ಲಿ ಅಂಥ ಒಬ್ಬ ತಾಯಿ ಇದ್ದರು. ಬುಧವಾರದ ಮನೆ ಪ್ರಾರ್ಥನೆ ನೀವೇ ನಡೆಸಿ ಅಂದೆ. "ಅಯ್ಯನವರ, ನನಗ ಓದಾಕ ಬರೂದಿಲ್ಲ, ನಾ ಹೆಂಗ ನಡಸ್ಲಿ?" ಅಂದರು. "ಓದೂದು ಮಗಳಿಗೆ ಬಿಡ್ರಿ ಅವ್ವಾ, ಪ್ರಾರ್ಥನಾ ನೀವು ಮಾಡ್ರಿ" ಅಂದೆ. ಮೊದಲ ವಾರ ನಾನೇ ನಡೆಸಿದೆ, ಅವರು ಪಕ್ಕದಲ್ಲಿ ಕೂತಿದ್ದರು. ಮುಂದಿನ ವಾರ ಅವರು ನಡೆಸಿದರು, ನಾನು ಪಕ್ಕದಲ್ಲಿ ಕೂತೆ. ಆಮೇಲೆ ಬೇಕಂತಲೇ ಹೋಗುವುದು ಬಿಟ್ಟೆ. ಮಗಳು ಸತ್ಯವೇದ (ಬೈಬಲ್) ಓದುತ್ತಿದ್ದಳು, ತಾಯಿ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು. ನನ್ನ ಪ್ರಾರ್ಥನೆಗಿಂತ ಅದು ಜನರ ಮನಸ್ಸಿಗೆ ಹತ್ತಿರವಾಗಿತ್ತು, ಯಾಕಂದರೆ ಪ್ರತಿ ಮನೆಯ ಕಷ್ಟ ಅವರಿಗೆ ಗೊತ್ತಿತ್ತು.

ಸತ್ಯವೇದದ ವಿಮೋಚನಕಾಂಡದ 18ನೇ ಅಧ್ಯಾಯವನ್ನು ಹಿರಿಯರ ಜೊತೆ ಮತ್ತೆ ಮತ್ತೆ ಓದುತ್ತೇನೆ. ಇಸ್ರಾಯೇಲ್ ಜನರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುವುದನ್ನು ಮಾವ ಇತ್ರೋನು ನೋಡುತ್ತಾನೆ. ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಅನ್ನುತ್ತಾನೆ. ಎಂಥವರನ್ನು ಆರಿಸಬೇಕು ಅಂತಲೂ ಅಲ್ಲೇ ಇದೆ: ದೇವರಿಗೆ ಹೆದರುವವರು, ನಂಬಿಗಸ್ತರು, ಲಂಚ ಮುಟ್ಟದವರು. ಖಜಾಂಚಿಯ ವಿಷಯ ಬಂದಾಗ ಈ ಮೂರನ್ನು ಗಟ್ಟಿಯಾಗಿ ಓದಿ, ಆಮೇಲೆ ಹೆಸರು ಕೇಳುತ್ತೇನೆ.

ದುಡ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಭೆ ಒಡೆಯುವುದು ಬೋಧನೆಯ ಭೇದದಿಂದ ಕಮ್ಮಿ, ಲೆಕ್ಕದಿಂದ ಜಾಸ್ತಿ. ಕಾಣಿಕೆಯನ್ನು ನಾನು ಎಣಿಸುವುದಿಲ್ಲ. ಆರಾಧನೆ ಮುಗಿದ ಕೂಡಲೇ ಬೇರೆ ಬೇರೆ ಮನೆತನದ ಇಬ್ಬರು ಕೂತು ಎಣಿಸುತ್ತಾರೆ, ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಸೋಮವಾರ ಬ್ಯಾಂಕಿಗೆ. ತಿಂಗಳ ಲೆಕ್ಕ ನೋಟಿಸ್ ಬೋರ್ಡಿಗೆ.

ಇಷ್ಟಾದರೂ ಚರ್ಚಿನ ಸುಗ್ಗಿ ಹಬ್ಬದ ಲಿಲಾವಿನಲ್ಲಿ (ಹರಾಜಿನಲ್ಲಿ) ಗದ್ದಲ ಇದ್ದದ್ದೇ. ಜನ ಜೋಳ, ಕಡಲೆ, ಕುಂಬಳಕಾಯಿ, ಕೋಳಿ ತಂದು ಒಪ್ಪಿಸುತ್ತಾರೆ, ಆಮೇಲೆ ಲಿಲಾವು. ಹುರುಪಿನಲ್ಲಿ ಒಂದು ಕುಂಬಳಕಾಯಿಗೆ ಸಂತೆಯ ದರಕ್ಕಿಂತ ಎಷ್ಟೋ ಪಟ್ಟು ಕೂಗುತ್ತಾರೆ. ಅರ್ಧದಷ್ಟು ಉದ್ರಿ (ಕೊಡದ ಬಾಕಿ) ಉಳಿಯುತ್ತದೆ. ಒಂದು ಸಭೆಯಲ್ಲಿ ಈ ಉದ್ರಿ ಎಲ್ಲಿ ಹೋಗುತ್ತದೆ ಅಂತ ಯುವಕರು ಜಗಳ ತೆಗೆದರು. ಹಿರಿಯರಿಗೆ ಸಿಟ್ಟು ಬಂತು. ನನಗೆ ಸತ್ಯವೇದದ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೆನಪಾಯಿತು. ಯೆರೂಸಲೇಮಿನ ಮೊದಲ ಸಭೆಯಲ್ಲಿ, ನಮ್ಮ ವಿಧವೆಯರಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಊಟ ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸುವುದನ್ನು ಅಪೊಸ್ತಲರು, ಅಂದರೆ ಯೇಸುವಿನ ಹತ್ತಿರದ ಶಿಷ್ಯರು, ಜನರಿಗೇ ಬಿಟ್ಟರು. ಹಾಗೆ ಆರಿಸಿದ ಏಳೂ ಜನರ ಹೆಸರು ನೋಡಿ, ಎಲ್ಲವೂ ಗ್ರೀಕ್ ಹೆಸರೇ. ನೊಂದವರ ಕಡೆಯವರ ಕೈಗೇ ಕೆಲಸ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ.

ಮುಂದಿನ ಹಬ್ಬದ ಲಿಲಾವಿನ ಪುಸ್ತಕವನ್ನು ಆ ಯುವಕರಲ್ಲೇ ಇಬ್ಬರ ಕೈಗೆ ಕೊಡೋಣ ಅಂತ ಕಮಿಟಿಯಲ್ಲಿ ಹೇಳಿದೆ. ತಕರಾರು ಬಂದರೂ ಕೊನೆಗೆ ಒಪ್ಪಿದರು. ಕೂಗಿದವರ ಹೆಸರು, ವಸ್ತು, ಮೊತ್ತ, ಕೊಟ್ಟದ್ದು, ಉಳಿದದ್ದು, ಹೀಗೆ ಗೆರೆ ಹೊಡೆದು ಬರೆದರು. ವಸೂಲಾದ ಮೊತ್ತವನ್ನು ಪ್ರತಿ ಭಾನುವಾರ ಓದಿದರು. ಬಾಕಿ ಇದ್ದವರ ಹೆಸರು ಓದಲಿಲ್ಲ, ಅಂಥ ಮನೆಗಳಿಗೆ ಒಬ್ಬ ಹಿರಿಯರು ಒಬ್ಬ ಯುವಕನನ್ನು ಕರೆದುಕೊಂಡು ಹೋದರು. ಬೆಳೆ ಕೈಕೊಟ್ಟ ಒಂದೆರಡು ಮನೆಗಳ ಬಾಕಿಯನ್ನು ಕಮಿಟಿಯೇ ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಡೋಣ ಅಂತ ಮೊದಲು ಹೇಳಿದ್ದು ಆ ಇಬ್ಬರಲ್ಲೇ ಒಬ್ಬ ಹುಡುಗ.

ಕಮಿಟಿ ಚುನಾವಣೆ ಬಂದಾಗ ಎರಡು ಕಡೆಯವರೂ ನನ್ನ ಹತ್ತಿರ ಬರುತ್ತಾರೆ. ಇಬ್ಬರ ಮಾತನ್ನೂ ಕೇಳುತ್ತೇನೆ. ಇಲ್ಲಿಯದನ್ನು ಅಲ್ಲಿಗೆ ಒಯ್ಯುವುದಿಲ್ಲ. ಆ ದಿನಗಳಲ್ಲಿ ಯಾರ ಮನೆಯಲ್ಲೂ ಊಟಕ್ಕೆ ಕೂರುವುದಿಲ್ಲ.

ವರ್ಗದ ಪತ್ರ ಬಂದ ಮೇಲೆ ಮಾಡುವ ಕೆಲಸವೂ ನಾಯಕತ್ವವೇ. ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ರಿಜಿಸ್ಟರ್‌ಗಳನ್ನು ಹಿರಿಯರ ಎದುರು ಒಪ್ಪಿಸುತ್ತೇನೆ. ಬರುವ ಅಯ್ಯನವರಿಗೆ ಒಂದು ಚೀಟಿ ಬರೆದಿಡುತ್ತೇನೆ: ಹಾಸಿಗೆ ಹಿಡಿದವರು ಯಾರು, ಮನೆಗೇ ಹೋಗಿ ಪ್ರಭುಭೋಜನ (ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸ) ಕೊಡಬೇಕಾದವರು ಯಾರು, ಯಾವ ಹಳ್ಳಿಯಲ್ಲಿ ಯಾರು ಪ್ರಾರ್ಥನೆ ನಡೆಸುತ್ತಾರೆ. ಯಾರು ಕೆಟ್ಟವರು, ಯಾರು ಒಳ್ಳೆಯವರು ಅಂತ ಬರೆಯುವುದಿಲ್ಲ, ಅದನ್ನು ಅವರೇ ನೋಡಿ ತಿಳಿಯಲಿ. ಹಳೇ ಸಭೆಯಿಂದ ಈಗಲೂ ಫೋನ್ ಬರುತ್ತದೆ. ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ ಖಂಡಿತ ಮಾತಾಡುತ್ತೇನೆ. ಸಭೆಯ ತಕರಾರಿನ ಮಾತು ಬಂದರೆ ಮಾತ್ರ, "ನಿಮ್ಮ ಅಯ್ಯನವರ ಕೂಡ ಕೂತು ಮಾತಾಡ್ರಿ" ಅಂತ ಹೇಳಿ ಅಲ್ಲಿಗೇ ನಿಲ್ಲಿಸುತ್ತೇನೆ.